ಮುಳ್ಳಿಲ್ಲದ ಜಾಲಿ

ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮುಂಚೆ ನನ್ನ ಹೆಂಡತಿ ಅಡುಗೆಮನೆಯಿಂದ ಒಂದು ಕೂಗು ಹಾಕುತ್ತಾಳೆ. ನಾನು ಕೈಲಿದ್ದ ಪೇಪರು ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಘಾಟು ಇಳಿದ ಮೇಲೆ ಅವಳು ಇನ್ನೊಂದು ಕೂಗು ಹಾಕುತ್ತಾಳೆ, ನಾನು ಒಳಗೆ ಬರುತ್ತೇನೆ. ಬ್ಯಾಡಗಿ ಪೇಟೆಯಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರದ ಕರ್ಜಗಿಯಲ್ಲಿ ಹುಟ್ಟಿದವನು ಮೆಣಸಿನಕಾಯಿಗೆ ಹೆದರುತ್ತಾನೆಂದರೆ ನಗು ಬರುವುದು ಸಹಜ. ಓಣಿಯವರು ನಗುತ್ತಾರೆ. ನಾನು ಯಾಕೆ ಹೊರಗೆ ನಿಲ್ಲುತ್ತೇನೆಂಬುದನ್ನು ಅವರಿಗೆ ಹೇಳಿಲ್ಲ. ನಾನು ಮಾಡುತ್ತಿದ್ದ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಿಮಗೆ ಹೇಳುತ್ತೇನೆ.

ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಓದಿದವನು, ರಸಾಯನಶಾಸ್ತ್ರ. ಕೆಲವು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ರಾಣೇಬೆನ್ನೂರಿಗೂ ಬ್ಯಾಡಗಿಗೂ ನಡುವೆ ಬಂದ ಒಂದು ವಿದ್ಯುತ್ ಸ್ಥಾವರದಲ್ಲಿ ಇಂಧನ ಕೆಮಿಸ್ಟ್ ಆದೆ. ಹೆಸರು ಬೇಡ. ಹೆಸರು ಹೇಳಿದರೆ ಅವರು ನೋಟಿಸು ಕಳಿಸುತ್ತಾರೆ, ನಾನು ಅದಕ್ಕೆ ಉತ್ತರ ಬರೆಯುತ್ತಾ ಕೂರಬೇಕಾಗುತ್ತದೆ. ಹೊಲದಲ್ಲಿ ಉಳಿದ ಕಸಕಡ್ಡಿ ಸುಟ್ಟು ಕರೆಂಟು ಮಾಡುವುದು ಆ ಸ್ಥಾವರದ ಉದ್ದೇಶವಾಗಿತ್ತು. ಗೇಟಿನ ಮೇಲೆ ಹಸಿರು ಬಣ್ಣದಲ್ಲಿ 'ಹಸಿರು ವಿದ್ಯುತ್' ಎಂದು ಬರೆದಿತ್ತು. ಮಳೆಗಾಲಕ್ಕೊಮ್ಮೆ ಆ ಬಣ್ಣ ಕಿತ್ತುಹೋಗುತ್ತಿತ್ತು, ದೀಪಾವಳಿಗೆ ಮತ್ತೆ ಬಳಿಯುತ್ತಿದ್ದರು. ಹಸಿರಿನ ಕಡೆಗೆ ನಮ್ಮ ಸ್ಥಾವರ ವರ್ಷವರ್ಷವೂ ತಪ್ಪದೆ ಮಾಡಿದ ಕೆಲಸ ಅದೊಂದೇ.

ಯೋಜನೆಯ ವರದಿಯನ್ನು ದೊಡ್ಡ ಊರಿನಲ್ಲಿ ಕೂತು ಬರೆದಿದ್ದರು. ಸುತ್ತಲಿನ ಮೂರು ತಾಲೂಕಿನಲ್ಲಿ ಎಷ್ಟು ಮೆಕ್ಕೆಜೋಳ, ಎಷ್ಟು ಹತ್ತಿ, ಎಷ್ಟು ಮೆಣಸಿನ ಗಿಡ ಎಂದು ಎಲ್ಲವನ್ನೂ ಲೆಕ್ಕ ಹಾಕಿದ್ದರು. ದನಗಳನ್ನು ಮಾತ್ರ ಮರೆತಿದ್ದರು. ಮೊದಲ ಸುಗ್ಗಿಯಲ್ಲಿ ನಾನು ಮೇಡ್ಲೇರಿ ಕಡೆ ಮೆಕ್ಕೆಜೋಳದ ದಂಟು ಕೇಳಿಕೊಂಡು ಹೋದಾಗ ಒಬ್ಬ ಹಿರಿಯರು ಕಟ್ಟೆಯ ಮೇಲೆ ಕುಂದ್ರಿಸಿ ಚಹಾ ಕೊಟ್ಟರು. ಆಮೇಲೆ ತಮ್ಮ ಎತ್ತುಗಳನ್ನು ತೋರಿಸಿ, "ದಂಟು ಕೊಡ್ತೇನ್ರಿ, ಇವಕ್ಕ ನಿಮ್ಮ ಕರೆಂಟ್ ತಿನ್ನಾಕ ಕಲಿಸಿ ಹೋಗ್ರಿ" ಎಂದರು. ಚಹಾ ಚೆನ್ನಾಗಿತ್ತು. ದಂಟು ಸಿಗಲಿಲ್ಲ.

ಸಿಕ್ಕಷ್ಟು ದಂಟೂ ಯಂತ್ರಕ್ಕೆ ಹಿಡಿಸಲಿಲ್ಲ. ಅದು ಹಗುರ, ಇಂಧನ ಸಾಗಿಸುವ ಪಟ್ಟಿಯ ಮೇಲೆ ಸಿಕ್ಕಿಕೊಂಡು ಗಂಟಾಗುತ್ತಿತ್ತು. ದಿನಕ್ಕೆರಡು ಸಲ ಪಟ್ಟಿ ನಿಲ್ಲಿಸಿ ಕೈಯಲ್ಲಿ ಎಳೆದು ತೆಗೆಯಬೇಕು. ಎರಡನೆಯ ವರ್ಷದಿಂದ ಲಾರಿಗಳಲ್ಲಿ ಕಟ್ಟಿಗೆ ಬರಲು ಶುರುವಾಯಿತು. ಅದಕ್ಕೂ ಪರವಾನಗಿಯ ಕಾಗದದಲ್ಲಿ ಜಾಗ ಇತ್ತು. ಬಳ್ಳಾರಿ ಜಾಲಿ ಸುಡಬಹುದು, ಯಾಕೆಂದರೆ ಅದು ಹೊರಗಿನಿಂದ ಬಂದ ಕಳೆ, ಎಲ್ಲಿ ಬೇಕಾದರೂ ಹಬ್ಬುತ್ತದೆ. ಅದನ್ನು ಸುಟ್ಟರೆ ಊರಿಗೂ ಒಳ್ಳೆಯದು. ಇದರಲ್ಲಿ ನನಗೂ ತಕರಾರು ಇರಲಿಲ್ಲ, ಈಗಲೂ ಇಲ್ಲ.

ಆದರೆ ಜಾಲಿ ಕಡಿಯುವುದು ಬೆವರಿನ ಕೆಲಸ. ಮುಳ್ಳು, ಸೊಟ್ಟ ಕೊಂಬೆ. ಲಾರಿಯಲ್ಲಿ ಒತ್ತಾಗಿ ಕೂರುವುದಿಲ್ಲ. ಗುಡ್ಡದ ಕಾಡಿನ ಮರ ಹಾಗಲ್ಲ. ಅದು ನೆಟ್ಟಗೆ ನಿಂತಿರುತ್ತದೆ, ನೆಟ್ಟಗೆ ಮಲಗುತ್ತದೆ.

ನನ್ನ ಕೆಲಸ ಏನೆಂದರೆ, ಲಾರಿ ಬಂದಾಗ ತೇವ ಅಳೆಯುವ ಯಂತ್ರದ ಎರಡು ಮುಳ್ಳುಗಳನ್ನು ಕಟ್ಟಿಗೆಗೆ ಚುಚ್ಚಿ ಅಂಕಿ ಬರೆದುಕೊಳ್ಳುವುದು. ಒಂದು ಚೂರು ತಂದು ಪುಡಿ ಮಾಡಿ, ಉಕ್ಕಿನ ಡಬ್ಬಿಯಲ್ಲಿಟ್ಟು ಸುಟ್ಟು, ಎಷ್ಟು ಶಾಖ ಕೊಡುತ್ತದೆಂದು ನೋಡುವುದು. ಆಮೇಲೆ ಚೀಟಿಗೆ ಸಹಿ. ಪುಡಿಯಾದ ಮೇಲೆ ಎಲ್ಲಾ ಮರವೂ ಒಂದೇ. ಬಿ.ಎಸ್ಸಿ.ಯಲ್ಲಿ ನನಗೆ ಮರಗಳ ಒಳಗಿರುವುದನ್ನೆಲ್ಲ ಕಲಿಸಿದ್ದರು. ಹೊರಗಿನಿಂದ ಮರ ಹೇಗಿರುತ್ತದೆಂದು ಯಾರೂ ಕಲಿಸಿರಲಿಲ್ಲ. ಒಮ್ಮೆ ಒಂದು ಲಾರಿಯ ಶಾಖದ ಅಂಕಿ ನೋಡಿ ಖುಷಿಯಾಗಿ, ಚೀಟಿಯ ಕೆಳಗೆ 'ಅತ್ಯುತ್ತಮ ದರ್ಜೆಯ ಜಾಲಿ' ಎಂದು ನನ್ನ ಕೈಯಾರೆ ಷರಾ ಬರೆದೆ. ಆ ಚೀಟಿ ಯಾರ್ಡಿಗೆ ಹೋಯಿತು, ಅಲ್ಲಿ ಯಾರೋ ಗಟ್ಟಿಯಾಗಿ ಓದಿದರು. ಐದು ನಿಮಿಷದಲ್ಲಿ ಯಾರ್ಡಿನ ಮೇಸ್ತ್ರಿ ಹುಸೇನಸಾಬರು ಕಂಕುಳಲ್ಲಿ ಒಂದು ತುಂಡು ಇಟ್ಟುಕೊಂಡು ಲ್ಯಾಬಿಗೆ ಬಂದರು.

ಹುಸೇನಸಾಬರು ರಾಣೇಬೆನ್ನೂರಿನವರು. ಇಲ್ಲಿಗೆ ಬರುವ ಮುಂಚೆ ತಮ್ಮ ವಯಸ್ಸಿನ ಬಹುಪಾಲು ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಕಳೆದಿದ್ದರು. ಎಡಗೈಯ ಕಿರುಬೆರಳಿನ ತುದಿಯನ್ನು ಗರಗಸಕ್ಕೆ ಕೊಟ್ಟಿದ್ದರು. ಅವರು ಆ ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಸರ, ಇದು ಜಾಲಿ ಆದ್ರ ನಾ ಸವಣೂರ ನವಾಬ."

ನಾನು ತಬ್ಬಿಬ್ಬಾಗಿ, ಮತ್ತೆ ಏನು ಇದು ಎಂದೆ.

"ದಿಂಡಲ. ಗುಡ್ಡದ ಕಾಡಿನ ಗಿಡ. ತೊಗಟಿ ನೋಡ್ರಿ, ಬೆಳ್ಳಗ, ನುಣ್ಣಗ. ಜಾಲಿಗೆ ಮುಳ್ಳ ಎಲ್ಲಿ ಹ್ವಾದುವು?"

ಅವತ್ತು ಅವರು ಎರಡು ತುಂಡು ಕಟ್ಟಿಗೆ ತಂದು ಒಂದಕ್ಕೊಂದು ಬಡಿದು ತೋರಿಸಿದರು. ದಿಂಡಲದ ಸದ್ದು ಗಟ್ಟಿ, ಚಿಕ್ಕದು. ಕೊಯ್ದ ಮೈ ಮೂಸಿ ನೋಡಲು ಹೇಳಿದರು. ನಾನು ಮೂಸಿದೆ, ನನಗೆ ಕಟ್ಟಿಗೆಯ ವಾಸನೆ ಬಂತು. ಅವರು ನಕ್ಕು, ಕಿವಿಗೆ ಸಿಕ್ಕಿಸಿದ್ದ ನೀಲಿ ಪೆನ್ಸಿಲಿನಿಂದ ತುಂಡಿನ ಕೊಯ್ದ ಮುಖದ ಮೇಲೆ ಏನೋ ಬರೆದು ಇಟ್ಟು ಹೋದರು. ಉರ್ದು ಅಕ್ಷರ. ಅವರು ಓದಿದ್ದು ಉರ್ದು ಶಾಲೆಯಲ್ಲಿ, ಅದೂ ನಾಲ್ಕನೆಯ ತರಗತಿಯವರೆಗೆ. ಕನ್ನಡ ಸೊಗಸಾಗಿ ಮಾತಾಡುತ್ತಿದ್ದರು, ಬರೆಯಲು ಬರುತ್ತಿರಲಿಲ್ಲ. ಉರ್ದುವಿನಲ್ಲಿ ಮರದ ಹೆಸರು, ಬಂದ ತಾರೀಖು.

ನಾನು ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆ. ಅವರು ಮೈಸೂರು ಕಡೆಯವರು, ಮೆಲುಮಾತಿನವರು, ಯಾರಿಗೂ ಜೋರು ಮಾಡಿದ್ದು ನಾನು ಕಂಡಿಲ್ಲ. ಹಾಗೆ ನೋಡಿದರೆ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಕೈಕೆಳಗೆ ಕೆಲಸ ಮಾಡುವಾಗ ಎಚ್ಚರ ಹೆಚ್ಚು ಬೇಕು ಎಂಬುದು ನಾನು ತಡವಾಗಿ ಕಲಿತ ಪಾಠ. ಅವರು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಜಾಲಿನೇ ಅಲ್ವಾ? ಮುಳ್ಳು ಸವರಿ ತಂದಿದ್ದಾರೆ ಅಷ್ಟೆ. ಪಾಪ, ನಮ್ಮವರಿಗೆ ಚುಚ್ಚಬಾರದು ಅಂತ."

ಅಲ್ಲಿಗೆ ಮುಗಿಯಿತು. ಆ ವಾರದಿಂದ ಯಾರ್ಡಿನಲ್ಲಿ 'ಮುಳ್ಳಿಲ್ಲದ ಜಾಲಿ' ಎಂಬ ಹೊಸ ಮರ ಹುಟ್ಟಿತು. ಅದು ಕೆಲವೊಮ್ಮೆ ಬಿಳಿ ತೊಗಟೆಯದು, ಕೆಲವೊಮ್ಮೆ ಮೊಸಳೆಯ ಮೈಯಂಥ ತೊಗಟೆಯದು, ಕೆಲವೊಮ್ಮೆ ಒಳಗೆ ಕೆಂಪಗೆ. ಪ್ರಪಂಚದಲ್ಲಿ ಇಷ್ಟು ವೇಷ ಹಾಕುವ ಮರ ಇನ್ನೊಂದಿಲ್ಲ. ಹುಸೇನಸಾಬರು ಮಾತ್ರ ಪ್ರತಿ ಹೊಸ ಲಾರಿಯಿಂದ ಒಂದು ತುಂಡು ತಂದು ಲ್ಯಾಬಿನ ಮೂಲೆಯಲ್ಲಿ ಇಡುತ್ತಿದ್ದರು. "ಕಲೀರಿ, ರಿಟೈರ್ ಆಗೂದರಾಗ ನಾಕು ಗಿಡದ ಹೆಸರರ ಬರ್ಲಿ" ಎನ್ನುತ್ತಿದ್ದರು. ಮೊದಲ ತುಂಡನ್ನು ನಾನು ಮೇಜಿನ ಮೇಲೆ ಚೀಟಿಗಳು ಹಾರದಂತೆ ಭಾರಕ್ಕೆ ಇಟ್ಟುಕೊಂಡೆ. 'ಜಾಲಿ' ಎಂದು ಸಹಿ ಹಾಕಿದ ಚೀಟಿಗಳ ಕಟ್ಟು, ಅದರ ಮೇಲೆ ದಿಂಡಲದ ತುಂಡು. ವರ್ಷಗಟ್ಟಲೆ ಅದು ಹಾಗೇ ಇತ್ತು. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ವಿಧಾನಗಳು ಬದಲಾದವು. ಮೊದಲು ಚೀಟಿ ಕೈಬರಹದ್ದು. ಧೈರ್ಯ ಇದ್ದರೆ ಏನು ಬೇಕಾದರೂ ಬರೆಯಬಹುದಿತ್ತು. ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಇಂಧನದ ಹೆಸರಿನ ಮುಂದೆ ಮೂರೇ ಆಯ್ಕೆ: ಜಾಲಿ, ನೀಲಗಿರಿ, ಕೃಷಿ ತ್ಯಾಜ್ಯ. ನಾಲ್ಕನೆಯದು ಇಲ್ಲ. ಇದರಿಂದ ನನಗೆ ಎಷ್ಟು ಹಾಯೆನಿಸಿತೆಂದು ಹೇಳಲಾರೆ. ಸುಳ್ಳು ಬರೆಯುವವನು ನಾನಲ್ಲ, ಕಂಪ್ಯೂಟರ್ ಕೇಳುವುದೇ ಹಾಗೆ. ಪರಿಸರ ದಿನದಂದು ನಾವು ಶಾಲೆಯ ಮಕ್ಕಳನ್ನು ಕರೆಸಿ ಗೇಟಿನ ಪಕ್ಕದಲ್ಲಿ ಸಸಿ ನೆಡಿಸುತ್ತಿದ್ದೆವು. ಪ್ರತಿ ವರ್ಷ ಅದೇ ಕುಣಿಗಳಲ್ಲಿ. ಮಕ್ಕಳು ಚಪ್ಪಾಳೆ ಹೊಡೆಯುವಾಗ ಹಿಂದಿನಿಂದ ಲಾರಿ ಹಾರನ್ ಹೊಡೆಯುತ್ತಿತ್ತು. ಸಮಾರಂಭದ ಶಾಮಿಯಾನ ಅದರ ದಾರಿಗೆ ಅಡ್ಡ ಇರುತ್ತಿತ್ತು.

ಇನ್ನು ರಾಶಿಯ ವಿಷಯ. ಇದನ್ನು ಗಮನವಿಟ್ಟು ಓದಿ, ಇದು ನಿಮ್ಮ ಜೀವಕ್ಕೆ ಸಂಬಂಧಪಟ್ಟದ್ದು.

ಕಟ್ಟಿಗೆಯನ್ನು ಚಕ್ಕೆ ಮಾಡಿ ಗುಡ್ಡೆ ಹಾಕುತ್ತಾರೆ. ಒಣ ಜಾಲಿಯ ಚಕ್ಕೆ ಸುಮ್ಮನೆ ಬಿದ್ದಿರುತ್ತದೆ. ಆದರೆ ಕಾಡಿನಿಂದ ಅವಸರದಲ್ಲಿ ಕಡಿದು, ಯಾರೂ ನೋಡುವ ಮೊದಲು ಎಲೆಸಮೇತ ಚಕ್ಕೆ ಮಾಡಿದ ಹಸಿಮರ ಸುಮ್ಮನಿರುವುದಿಲ್ಲ. ತಿಪ್ಪೆ ಹೇಗೆ ಒಳಗೊಳಗೇ ಕಾಯುತ್ತದೋ ಹಾಗೆ ಕಾಯುತ್ತದೆ. ಜೆಸಿಬಿ ಅದರ ಮೇಲೆ ಓಡಾಡಿ ಒತ್ತಿದಷ್ಟೂ ಹೆಚ್ಚು ಕಾಯುತ್ತದೆ. ಹುಸೇನಸಾಬರಿಗೆ ಇದಕ್ಕೊಂದು ಪದ್ಧತಿ ಇತ್ತು. ಆಳೆತ್ತರಕ್ಕಿಂತ ಉದ್ದದ ಒಂದು ಕಬ್ಬಿಣದ ಸಲಾಕೆ. ದಿನಾ ಬೆಳಿಗ್ಗೆ ಬಂದ ಕೂಡಲೇ ಅದನ್ನು ರಾಶಿಯ ಏಳೆಂಟು ಕಡೆ ಆಳಕ್ಕೆ ಚುಚ್ಚಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಎಳೆದು ತುದಿಯನ್ನು ಕೈಯಿಂದ ಮುಟ್ಟುತ್ತಿದ್ದರು. ಹಿಡಿಯಲು ಬಂದರೆ ಸರಿ. ಬರದಿದ್ದರೆ ಆ ಜಾಗ ಬಗೆದು ಹರವಬೇಕು. ನನ್ನ ಯಂತ್ರದ ಮುಳ್ಳು ಹೆಬ್ಬೆರಳಿನಷ್ಟು ಒಳಗೆ ಹೋಗುತ್ತಿತ್ತು. ಅವರ ಸಲಾಕೆ ರಾಶಿಯ ಹೊಟ್ಟೆ ಮುಟ್ಟುತ್ತಿತ್ತು. ವರದಿಗೆ ಹೋಗುತ್ತಿದ್ದದ್ದು ನನ್ನ ಅಂಕಿ.

ನನ್ನ ನಿವೃತ್ತಿಗೆ ಕೆಲವೇ ತಿಂಗಳು ಇದ್ದಾಗ, ನಮ್ಮ ಹಸಿರಿಗೆ ಪ್ರಮಾಣಪತ್ರ ಕೊಡುವ ತಪಾಸಣೆಯವರು ಬರುತ್ತಾರೆಂದು ಪತ್ರ ಬಂತು. ಯಾರ್ಡಿನಲ್ಲಿ ಆಗ ಒಂದೇ ದೊಡ್ಡ ರಾಶಿ, ಪೂರ್ತಿ ಮುಳ್ಳಿಲ್ಲದ ಜಾಲಿ, ಹಸಿ. ಅದನ್ನು ಬೇರೆಡೆ ಸಾಗಿಸಲು ಸಮಯ ಇರಲಿಲ್ಲ. ಮ್ಯಾನೇಜರ್ ಸಾಹೇಬರು ಬ್ಯಾಡಗಿ ಪೇಟೆಯಿಂದ ಲಾರಿಗಟ್ಟಲೆ ಮೆಣಸಿನ ತೊಟ್ಟು, ಬಣ್ಣಗೆಟ್ಟ ಬಿಳಿಗಾಯಿ, ಒಡೆದ ಕೆಂಪುಕಾಯಿ, ಗಿಡದ ಒಣ ಕಟ್ಟಿಗೆ ತರಿಸಿ ಆ ರಾಶಿಯ ಮೇಲೆ ಮೊಳದಷ್ಟು ದಪ್ಪ ಹೊದಿಸಿದರು. ನೋಡಲು ಬಹಳ ಚಂದ ಇತ್ತು. ಕೆಂಪು ಗುಡ್ಡ. ತುದಿಯಲ್ಲಿ ಎರಡು ಬಿದಿರು ನೆಟ್ಟು, ನಡುವೆ 'ರೈತರ ತ್ಯಾಜ್ಯ, ನಾಡಿನ ಬೆಳಕು' ಎಂಬ ಬ್ಯಾನರ್ ಕಟ್ಟಿಸಿದರು. ನಾನು ಯಂತ್ರದ ಮುಳ್ಳು ಚುಚ್ಚಿ ನೋಡಿದೆ. ಎಂದೂ ಕಾಣದಷ್ಟು ಒಣ. ಬರೆದೆ, ಸಹಿ ಹಾಕಿದೆ.

ತಪಾಸಣೆಯವರು ಬರಲಿಲ್ಲ. ಮುಂದೂಡಿದರು. ಮತ್ತೊಮ್ಮೆ ಮುಂದೂಡಿದರು. ರಾಶಿ ಮದುವಣಗಿತ್ತಿಯಂತೆ ಸೀರೆ ಉಟ್ಟು ವಾರಗಟ್ಟಲೆ ಕೂತಿತು.

ಹೊದಿಸಿದ ಮರುದಿನವೇ ಹುಸೇನಸಾಬರು ಎಂದಿನಂತೆ ಸಲಾಕೆ ಚುಚ್ಚಿದ್ದರು. ಎಳೆದಾಗ ತೂತಿನಿಂದ ತೆಳ್ಳಗೆ ಹಬೆ ಎದ್ದಿತು. ಕೆಂಪು ಹೊದಿಕೆಯಲ್ಲಿ ಏಳೆಂಟು ತೂತು, ಒಳಗಿನ ಚಕ್ಕೆ ಹೊರಗೆ ಇಣುಕುತ್ತಿತ್ತು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದರು. ಅತಿಥಿಗಳು ಯಾವಾಗ ಬೇಕಾದರೂ ಬರಬಹುದು, ರಾಶಿಯಿಂದ ಹೊಗೆ ಬರುವುದು ಕಂಡರೆ ಏನಂದುಕೊಳ್ಳುತ್ತಾರೆ ಎಂದು ಕಳವಳಪಟ್ಟರು. ಅವರ ಕಿಟಕಿಯ ಹಿಂದೆ ನಮ್ಮ ಚಿಮಣಿ ಎಂದಿನಂತೆ ಹೊಗೆ ಬಿಡುತ್ತಿತ್ತು. ಇಂಧನದ ಹೊಣೆ ನನ್ನದಾದ್ದರಿಂದ ಆದೇಶ ನಾನೇ ಬರೆದೆ: 'ಅತಿಥಿಗಳ ಭೇಟಿ ಮುಗಿಯುವವರೆಗೆ ರಾಶಿಗೆ ಸಲಾಕೆ ಹಾಕಬಾರದು.' ಬರೆದು ಸಹಿ ಮಾಡಿ, ಸಲಾಕೆಯನ್ನು ಲ್ಯಾಬಿನ ಬೀರುವಿನ ಹಿಂದೆ ಇಟ್ಟು ಬಾಗಿಲಿಗೆ ಬೀಗ ಹಾಕಿದೆ. ನನ್ನ ವೃತ್ತಿಜೀವನದಲ್ಲಿ ನಾನು ಸ್ವಂತ ಬುದ್ಧಿಯಿಂದ ಹೊರಡಿಸಿದ ಆದೇಶ ಅದೊಂದೇ.

ಕೊನೆಗೂ ಭೇಟಿಯ ದಿನ ಬಂತು. ಬೆಳಿಗ್ಗೆ ಹುಸೇನಸಾಬರು ನನ್ನನ್ನು ಯಾರ್ಡಿಗೆ ಕರೆದುಕೊಂಡು ಹೋದರು. ಚಳಿಗಾಲ. ನಮ್ಮ ಯಾರ್ಡಿನಲ್ಲಿ ನಾಲ್ಕೈದು ಬೀದಿನಾಯಿಗಳು ಇದ್ದವು. ರಾಶಿ ಬೆಚ್ಚಗಿರುತ್ತದೆಂದು ಅವು ಅದರ ಮೇಲೇ ಮಲಗುತ್ತಿದ್ದವು. ಆ ದಿನ ಅವು ಕೆಳಗೆ, ತಣ್ಣನೆಯ ಕಾಂಕ್ರೀಟಿನ ಮೇಲೆ ಮುದುಡಿ ಮಲಗಿದ್ದವು.

"ಮೂರು ದಿನಾತು ಸರ, ನಾಯಿ ಮ್ಯಾಲೆ ಹತ್ತವಲ್ಲವು. ಬೆಚ್ಚಗ ಇದ್ದದ್ದು ಈಗ ಸುಡಾಕತ್ತೈತಿ. ಸಲಾಕಿ ಕೊಡ್ರಿ, ಒಂದ ಸಲ ನೋಡ್ತೇನಿ."

ನಾನು ಏನು ಹೇಳಿದೆನೆಂದು ಇಲ್ಲಿ ಬರೆಯಲೇಬೇಕು. ಅದನ್ನು ನಾನು ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತೇನೆ.

"ನಾಯಿಗಳ ರಿಪೋರ್ಟ್ ಮ್ಯಾಲೆ ಪ್ಲ್ಯಾಂಟ್ ನಡೆಸಾಕ ಆಗೂದಿಲ್ರಿ ಹುಸೇನಸಾಬರ."

ಅವರು ನಗಲಿಲ್ಲ. ನನಗೆ ಮಾತ್ರ ಚಟಾಕಿ ಚೆನ್ನಾಗಿದೆ ಎನಿಸಿತ್ತು.

ಮಧ್ಯಾಹ್ನಕ್ಕೆ ತಪಾಸಣೆಯ ಅಧಿಕಾರಿ ಬಂದರು. ಒಬ್ಬರೇ, ಚಿಕ್ಕ ವಯಸ್ಸಿನವರು, ಹೊಸ ಶೂ. ಕೆಂಪು ರಾಶಿ ಕಂಡು ಸಂತೋಷಪಟ್ಟರು. ಅದರ ಮುಂದೆ ಫೋಟೋ ತೆಗೆದರು. ಆಮೇಲೆ, ಕೆಲಸಗಾರರು ರಾಶಿಯ ಮೇಲೆ ನಿಂತು ಬುಟ್ಟಿಯಲ್ಲಿ ತ್ಯಾಜ್ಯ ತುಂಬುತ್ತಿರುವಂತೆ ಒಂದು ಫೋಟೋ ಬೇಕು, ವರದಿಯ ಮುಖಪುಟಕ್ಕೆ ಎಂದರು. ನಮ್ಮಲ್ಲಿ ಬುಟ್ಟಿಯಲ್ಲಿ ಯಾರೂ ಏನನ್ನೂ ತುಂಬುತ್ತಿರಲಿಲ್ಲ, ಎಲ್ಲವೂ ಜೆಸಿಬಿಯದೇ ಕೆಲಸ. ಮ್ಯಾನೇಜರ್ ಸಾಹೇಬರು ಕ್ಯಾಂಟೀನಿನಿಂದ ಈರುಳ್ಳಿಯ ಬುಟ್ಟಿ ಖಾಲಿ ಮಾಡಿಸಿ ತರಿಸಿದರು. ಮೇಲೆ ಹೋಗಲು ಹುಸೇನಸಾಬರನ್ನು ಆರಿಸಿದರು, ಅವರ ಬಿಳಿ ಗಡ್ಡ ಚಿತ್ರಕ್ಕೆ ಚೆನ್ನಾಗಿರುತ್ತದೆಂದು. ಜೊತೆಗೆ ನನ್ನನ್ನು, ಯಂತ್ರ ಹಿಡಿದು ಅಳೆಯುತ್ತಿರುವ ವಿಜ್ಞಾನಿಯಾಗಿ.

ಹುಸೇನಸಾಬರು ನನ್ನ ಮುಖ ನೋಡಿದರು. ಬೇಡ ಎನ್ನುವ ಅಧಿಕಾರ ಅಲ್ಲಿ ನನಗಿತ್ತು. ನಾನು ಶರ್ಟು ಸರಿಮಾಡಿಕೊಂಡೆ.

ನಾವು ಹತ್ತಿದೆವು. ಅವರು ನನಗಿಂತ ಮೂರು ಹೆಜ್ಜೆ ಮುಂದಿದ್ದರು. ಕಾಲಕೆಳಗೆ ತೊಟ್ಟು ಚಟಚಟ ಎನ್ನುತ್ತಿತ್ತು. ಶೂ ಮೂಲಕ ಬಿಸಿ ತಾಗುತ್ತಿತ್ತು; ಬಿಸಿಲಿಗೆ ಎಂದುಕೊಂಡೆ. ತುದಿಯ ಬಿದಿರಿನ ಹತ್ತಿರ ಹೋಗಿ ಅವರು ಬುಟ್ಟಿ ಹಿಡಿದು ಬಗ್ಗಿದರು. ಕೆಳಗಿನಿಂದ ಅಧಿಕಾರಿ ಸ್ವಲ್ಪ ನಗಿ ಎಂದರು. ಆಗ ಯಾವ ಸದ್ದೂ ಆಗಲಿಲ್ಲ. ಹುಸೇನಸಾಬರು ಕುಳ್ಳಗಾದರು, ಅಷ್ಟೆ. ಸೊಂಟದವರೆಗೆ ಒಳಗೆ ಹೋಗಿದ್ದರು. ಒಳಗಿನ ಚಕ್ಕೆ ವಾರಗಟ್ಟಲೆ ಹೊಗೆಯಾಡಿ ಇದ್ದಿಲಾಗಿ ಟೊಳ್ಳಾಗಿತ್ತು. ಮೇಲೆ ಹೊದಿಕೆ ಮಾತ್ರ ನಿಂತಿತ್ತು. ಅವರು ಬಿದ್ದ ತೂತಿನಿಂದ ಒಳಕ್ಕೆ ಗಾಳಿ ನುಗ್ಗಿತು, ಬೆಂಕಿ ಹೊರಗೆ ಬಂತು, ಬ್ಯಾಡಗಿ ಪೇಟೆಯ ಬಿಳಿಗಾಯಿಯೆಲ್ಲ ಒಮ್ಮೆಗೇ ಹೊತ್ತಿಕೊಂಡಿತು.

ಆ ಹೊಗೆ ಎಂಥದ್ದೆಂದು ನಿಮಗೆ ಹೇಗೆ ಹೇಳಲಿ? ಮನೆಯಲ್ಲಿ ಒಂದು ಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಇದು ಲಾರಿಗಟ್ಟಲೆ. ಕೆಳಗಿದ್ದವರು ಓಡಿದರು. ಅಧಿಕಾರಿಯ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ನನ್ನ ಕಣ್ಣು ಮುಚ್ಚಿಹೋದವು. ನಾನೂ ಕೆಳಕ್ಕೆ ಎರಡು ಹೆಜ್ಜೆ ಇಟ್ಟೆ. ಆ ಎರಡು ಹೆಜ್ಜೆಯನ್ನು ನಾನು ಈಗಲೂ ಅಂಗಳದಲ್ಲಿ ಇಡುತ್ತಿರುತ್ತೇನೆ. ಹಿಂದಿನಿಂದ ಹುಸೇನಸಾಬರು ಕೂಗಲಿಲ್ಲ. ಕೂಗಿದ್ದರೆ ಬಹುಶಃ ನಾನು ಇನ್ನೂ ಜೋರಾಗಿ ಓಡುತ್ತಿದ್ದೆ. ಅವರು ಸಾಧಾರಣ ದನಿಯಲ್ಲಿ, ಯಾರ್ಡಿನಲ್ಲಿ ದಿನಾ ಕೆಲಸ ಹೇಳುವ ದನಿಯಲ್ಲಿ, "ಸರ, ಗಳಾ ಕೊಡ್ರಿ" ಎಂದರು.

ಗಳ ಅಂದರೆ ಬಿದಿರು. ನಾನು ತಿರುಗಿದೆ. ಬ್ಯಾನರಿನ ಈಚೆ ಬದಿಯ ಬಿದಿರು ನನ್ನ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಕಣ್ಣು ಮುಚ್ಚಿಕೊಂಡೇ ತಡಕಾಡಿ ಕಿತ್ತೆ. ಹೊಟ್ಟೆಯ ಮೇಲೆ ಮಲಗಿ ದನಿ ಬಂದ ಕಡೆಗೆ ಚಾಚಿದೆ. ಆ ಕಡೆ ಹಿಡಿತ ಬಿತ್ತು. 'ನಾಡಿನ ಬೆಳಕು' ಕರಗಿ ನನ್ನ ಮುಂಗೈಗೆ ಅಂಟಿತು, ಗುರುತು ಇದೆ. ಎಳೆದೆ. ಜೆಸಿಬಿಯ ಡ್ರೈವರ್ ಒದ್ದೆ ಗೋಣಿ ಮುಖಕ್ಕೆ ಸುತ್ತಿಕೊಂಡು ಬಂದು ನನ್ನ ಕಾಲು ಹಿಡಿದು ಎಳೆದ. ಮೂವರೂ ಉರುಳಿಕೊಂಡು ಕೆಳಗೆ ಬಿದ್ದೆವು. ನಾಯಿಗಳು ದೂರದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದವು. ಅವು ಕೊಟ್ಟ ರಿಪೋರ್ಟು ಸರಿಯಾಗಿತ್ತು.

ಹುಸೇನಸಾಬರ ಎರಡೂ ಕಾಲು ಮೊಣಕಾಲಿನವರೆಗೆ ಬೆಂದಿದ್ದವು. ಬದುಕಿದರು. ಎಡಗಾಲಿನ ಪಾದ ಮೊದಲಿನಂತೆ ಆಗಲಿಲ್ಲ.

ರಾಶಿ ನಾಲ್ಕು ದಿನ ಉರಿಯಿತು. ಐದನೆಯ ದಿನ ಮ್ಯಾನೇಜರ್ ಸಾಹೇಬರು ಸಿದ್ಧಪಡಿಸಿದ ವರದಿ ನನ್ನ ಮೇಜಿಗೆ ಬಂತು. ಅಚ್ಚುಕಟ್ಟಾದ ವರದಿ. ರಾಶಿಯಲ್ಲಿದ್ದದ್ದು ಒಣ ಕೃಷಿ ತ್ಯಾಜ್ಯ ಮತ್ತು ಜಾಲಿ. ತನ್ನಷ್ಟಕ್ಕೆ ತಾನು ಕಾಯುವ ವಸ್ತು ಅಲ್ಲ. ಆದ್ದರಿಂದ ಬೆಂಕಿ ಹೊರಗಿನಿಂದ ಬಿದ್ದದ್ದು. ಮೇಸ್ತ್ರಿ ರಾಶಿಯ ಮೇಲೆ ಬೀಡಿ ಸೇದಿರುವ ಸಂಭವ ಇದೆ. ಆಧಾರಕ್ಕೆ ನನ್ನ ಚೀಟಿಗಳು, ಒಂದೊಂದರ ಮೇಲೂ ನನ್ನ ಸಹಿ. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಚೀಟಿ ನಿಜವಾದರೆ ಬೀಡಿ ನಿಜ. ಕೆಳಗೆ ನಾನೊಂದು ಸಹಿ ಹಾಕುವುದು ಬಾಕಿ ಇತ್ತು. ನಿವೃತ್ತಿಯ ಹೊಸ್ತಿಲಲ್ಲಿ ಸುಮ್ಮನೆ ತೊಂದರೆ ಯಾಕೆ ಎಂದು ಮ್ಯಾನೇಜರ್ ಸಾಹೇಬರು ಮೆಲ್ಲಗೆ ಹೇಳಿದರು. ನನ್ನ ಬೀಳ್ಕೊಡುಗೆಗೆ ಶಾಲು ಆಗಲೇ ತರಿಸಿದ್ದರಂತೆ.

ನಾನು ವರದಿಯನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಬಹುಶಃ ಅವರು ಹೋಗಲಿ ಬಿಡ್ರಿ ಎಂದುಬಿಡಲಿ ಎಂಬ ಆಸೆ ಇತ್ತು. ಹುಸೇನಸಾಬರಿಗೆ ಬೀಡಿಯ ವಿಷಯ ಆಗಲೇ ತಲುಪಿತ್ತು. ಅವರು ಬೀಡಿ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಮಿಲ್ಲಿನಲ್ಲಿ ಕಟ್ಟಿಗೆ ಹೊಟ್ಟಿನ ನಡುವೆ ಕೆಲಸ ಮಾಡುವವನು ಬೀಡಿ ಸೇದಬಾರದೆಂದು ತಾವೇ ಬಿಟ್ಟಿದ್ದರು, ಇತರರನ್ನೂ ಬಿಡಿಸಿದ್ದರು. ಹಾಸಿಗೆಯ ಮೇಲೆ ಗೋಡೆಯ ಕಡೆ ನೋಡುತ್ತಾ ಮಾತಾಡಿದರು.

"ಕಾಲಿಂದು ಬಿಡ್ರಿ ಸರ, ಹ್ವಾದ್ರ ಹೋತು. ಬೀಡಿ ಸೇದಿ ಬೆಂಕಿ ಹಚ್ಚಿದಂವ ಅಂದ್ರ ಕಟ್ಟಿಗಿ ಮಂದಿಯೊಳಗ ನನ್ನ ಯಾರು ನಿಲ್ಲಿಸಿಕೊಂಡಾರು? ನಲವತ್ತು ವರ್ಷ ಆತು, ನನ್ನ ಕೈಯಾಗ ಒಂದು ಕಡ್ಡಿ ಸುಟ್ಟಿಲ್ಲ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಆ ತುಂಡು ಅದಾವ?"

ತುಂಡುಗಳು ಇದ್ದವು. ಲ್ಯಾಬಿನ ಮೂಲೆಯಲ್ಲಿ ಒಂದು ಗೋಣಿಚೀಲದ ತುಂಬ, ಒಂದು ನನ್ನ ಮೇಜಿನ ಮೇಲೆ.

ನಾನು ವರದಿಗೆ ಸಹಿ ಹಾಕಲಿಲ್ಲ. ಕೆಲವು ವಾರಗಳ ಮೇಲೆ ವಿಚಾರಣೆಗೆ ಕಂಪನಿಯ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ವಯಸ್ಸಾದವರು, ಬೇಗ ಮುಗಿಸಿ ಊಟಕ್ಕೆ ಹೋಗುವ ಅವಸರದಲ್ಲಿದ್ದರು. ನಾನು ಗೋಣಿಚೀಲವನ್ನು ಮೀಟಿಂಗ್ ಮೇಜಿನ ಮೇಲೆ ಸುರಿದೆ. ಗಾಜಿನ ಮೇಜು, ಒಂದು ಕಡೆ ಬಿರುಕು ಬಿಟ್ಟಿತು. ಮ್ಯಾನೇಜರ್ ಸಾಹೇಬರು ಆ ಬಿರುಕನ್ನೇ ನೋಡುತ್ತಾ ಕೂತರು. ಅಧಿಕಾರಿ ಒಂದು ತುಂಡು ಎತ್ತಿ, ಇದರ ಮೇಲೆ ಏನು ಬರೆದಿದೆ ಎಂದರು. ನನಗೆ ಓದಲು ಬರುವುದಿಲ್ಲ ಎಂದೆ. ಬರೆದವರು ಹೊರಗೆ ಬೆಂಚಿನ ಮೇಲೆ ಇದ್ದಾರೆ ಎಂದೆ.

ಹುಸೇನಸಾಬರು ಊರುಗೋಲು ಊರಿಕೊಂಡು ಒಳಗೆ ಬಂದರು. ಕೂರಲು ಹೇಳಿದರೂ ಕೂರಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ತುಂಡು ಎತ್ತಿ, ಶಾಲೆಯಲ್ಲಿ ಹಾಜರಿ ಕರೆಯುವಂತೆ ತಾರೀಖು, ಹೆಸರು ಓದಿದರು. ದಿಂಡಲ. ಮತ್ತಿ. ಕಗ್ಗಲಿ. ದಿಂಡಲ. ಬೇವು. ಮತ್ತಿ. ನಾನು ಅದೇ ತಾರೀಖಿನ ಚೀಟಿಗಳನ್ನು ಪಕ್ಕದಲ್ಲಿ ಇಡುತ್ತಾ ಹೋದೆ. ಜಾಲಿ. ಜಾಲಿ. ಜಾಲಿ. ಏಳನೆಯ ತುಂಡಿಗೆ ಅಧಿಕಾರಿ ಸಾಕು ಎಂದರು. ಹುಸೇನಸಾಬರು ನಿಲ್ಲಿಸಲಿಲ್ಲ. ಮೇಜಿನ ಮೇಲಿದ್ದ ಅಷ್ಟೂ ಓದಿದರು.

ಅಧಿಕಾರಿ ಚೀಟಿಗಳನ್ನು ಎತ್ತಿ ಹಿಡಿದು, ಹಾಗಾದರೆ ಈ ಜಾಲಿ ಎಂದು ಬರೆದವರು ಯಾರು ಎಂದರು. ಸಹಿ ಅಲ್ಲೇ ಇತ್ತು, ಕೇಳುವ ಅಗತ್ಯ ಇರಲಿಲ್ಲ.

"ನಾನ್ರಿ" ಎಂದೆ. ಸಲಾಕೆ ಬೀಗ ಹಾಕಿ ಇಟ್ಟವನೂ ನಾನೇ ಎಂದು ಹೇಳಿ, ನನ್ನ ಆದೇಶದ ಪ್ರತಿಯನ್ನು ಮುಂದಿಟ್ಟೆ.

ಬೀಡಿಯ ಸಾಲು ವರದಿಯಿಂದ ಹೋಯಿತು. ಅಷ್ಟನ್ನು ನಾವು ಗೆದ್ದೆವು. ನನ್ನ ಬೀಳ್ಕೊಡುಗೆಯೂ ಹೋಯಿತು. ಆ ಶಾಲನ್ನು ಯಾರು ಹೊದ್ದರೋ. ಸಸಿ ನೆಟ್ಟ ಮಕ್ಕಳ ಶಾಲೆಗೆ ಕೊಟ್ಟಿದ್ದರೆ ಒಳ್ಳೆಯದು. ಇದರಿಂದ ಗುಡ್ಡದ ಮರಗಳು ಉಳಿದವು ಎಂದು ನೀವು ತಿಳಿಯಬೇಡಿ. ಹೊಸ ತಪಾಸಣೆಯವರು ಬಂದು, ಕಂಪ್ಯೂಟರಿನಲ್ಲಿ ನಾಲ್ಕನೆಯ ಆಯ್ಕೆ ಸೇರಿಸಲು ಹೇಳಿದರು: 'ಸ್ಥಳೀಯ ಮರ'. ಮರ ಕಡಿದರೆ ಮತ್ತೆ ಬೆಳೆಯುತ್ತದೆ, ಆದ್ದರಿಂದ ಇದೂ ಹಸಿರೇ ಎಂದು ಷರಾ ಬರೆದರು. ಮೊದಲು ಕದ್ದು ಸುಡುತ್ತಿದ್ದದ್ದನ್ನು ಈಗ ಹೆಸರು ಹಾಕಿ ಸುಡುತ್ತಾರೆ. ನಾನು ಇದನ್ನು ಹುಸೇನಸಾಬರಿಗೆ ಹೇಳಿದಾಗ ಅವರು "ಬೆಳಿತೈತಿ, ಖರೇ. ಅಲ್ಲೀತನಕ ನಾವು ಯಾವ ನೆರಳಾಗ ಕುಂದ್ರೂದು?" ಎಂದರು.

ಅವರು ಈಗ ರಾಣೇಬೆನ್ನೂರಿನಲ್ಲಿ ತಮ್ಮ ಹಳೆಯ ಮಿಲ್ಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಿಲ್ಲಿನವರು ಕರೆದು ಕೂರಿಸಿದ್ದಾರೆ. ಬಂದ ಕಟ್ಟಿಗೆ ಯಾವುದೆಂದು ನೋಡಿ ಹೇಳುವುದು ಅವರ ಕೆಲಸ. ಕಾಡಿನದು ಬಂದರೆ ಲಾರಿ ತಿರುಗಿಸಿ ಕಳಿಸುತ್ತಾರಂತೆ, ಬೈದು.

ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಚಹಾ ತರಿಸಿದರು. ಆಮೇಲೆ ಕುರ್ಚಿಯ ಕೆಳಗಿನಿಂದ ಅರ್ಧ ಸುಟ್ಟ ಒಂದು ತುಂಡು ತೆಗೆದು ನನ್ನ ಮಡಿಲಲ್ಲಿ ಇಟ್ಟರು. ಅವತ್ತಿನ ರಾಶಿಯದು, ಚಕ್ಕೆಯಾಗದೆ ಉಳಿದದ್ದು; ಜೆಸಿಬಿಯ ಡ್ರೈವರ್ ಬೂದಿಯಿಂದ ಹೆಕ್ಕಿ ತಂದು ಕೊಟ್ಟಿದ್ದನಂತೆ. ಕೊಯ್ದ ಮುಖದ ಮೇಲೆ ಏನೂ ಬರೆದಿರಲಿಲ್ಲ. ಅವರು ಕಿವಿಯಿಂದ ನೀಲಿ ಪೆನ್ಸಿಲ್ ತೆಗೆದು ನನ್ನ ಕಡೆ ಚಾಚಿದರು.

"ಈಗ ನೀವ ಬರೀರಿ."

ನಾನು ತುಂಡನ್ನು ತಿರುಗಿಸಿದೆ. ಸುಡದೆ ಉಳಿದ ಕಡೆ ತೊಗಟೆ ಬೆಳ್ಳಗೆ, ನುಣ್ಣಗೆ ಇತ್ತು. ಕುರ್ಚಿಯ ಕೈಗೆ ಬಡಿದು ನೋಡಿದೆ. ಗಟ್ಟಿ ಸದ್ದು, ಚಿಕ್ಕದು. ಕನ್ನಡದಲ್ಲಿ, ಸ್ಪಷ್ಟವಾಗಿ ಬರೆದೆ. ದಿಂಡಲ. ಕೆಳಗೆ ಬೆಂಕಿ ಬಿದ್ದ ದಿನದ ತಾರೀಖು ಹಾಕಿ, ಸಹಿ ಮಾಡಿದೆ.